ಲೈಸನ್ಸಿಲ್ಲದವನ ಹತ್ತಿರ ಹತ್ತಿ ಬೀಜ ತಗೊಂಡರೆ, ದಾಳಿ ಆದಮೇಲೂ ರೊಕ್ಕ ವಾಪಸ್ ಬರುವುದಿಲ್ಲ

ಮುಂಗಾರು ಹತ್ತಿರ ಬಂತೆಂದರೆ ನಮ್ಮ ಹಾವೇರಿ ಕಡೆ ಹಳ್ಳಿಗಳಲ್ಲಿ ಒಮ್ನಿ ಗಾಡಿಯಲ್ಲಿ ಹತ್ತಿ ಬೀಜ ತಂದು ಮಾರುವವರು ಕಾಣಿಸಿಕೊಳ್ಳುತ್ತಾರೆ. ಅಂಗಡಿ ಇಲ್ಲ, ಬೋರ್ಡಿಲ್ಲ. ನಂಬಿಕೆ ಬರಲಿ ಅಂತ ಊರವನೇ ಒಬ್ಬ ಮುಂದಿನ ಸೀಟಿನಲ್ಲಿ ಕೂತಿರುತ್ತಾನೆ. 2025ರ ಹಂಗಾಮಿನಲ್ಲಿ ನಮ್ಮ ಕಾಕಾ ನಾಲ್ಕು ಎಕರೆಗೆ ಅಂಥವನ ಹತ್ತಿರ ಬೀಜ ತಗೊಂಡ. ಆಮೇಲೆ ಕೃಷಿ ಇಲಾಖೆಯವರು ದಾಳಿಯನ್ನೂ ಮಾಡಿದರು, ಕೇಸೂ ಆಯಿತು. ಕಾಕಾನಿಗೆ ಮಾತ್ರ ಒಂದು ರೂಪಾಯಿ ಬರಲಿಲ್ಲ.

ಆ ವರ್ಷ ಬಿಟಿ ಹತ್ತಿಯ 475 ಗ್ರಾಂ ಪಾಕೀಟಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ್ದ ಗರಿಷ್ಠ ದರ 901 ರೂಪಾಯಿ. ಇವನು ಏಳುನೂರಕ್ಕೆ ಕೊಟ್ಟ. ಮೇಲೆ ಒಂದು ಆಸೆಯನ್ನೂ ಹುಟ್ಟಿಸಿದ: “ಕಳೆ ಎಣ್ಣಿ ಹೊಡದ್ರೂ ಗಿಡಕ್ಕ ಏನೂ ಆಗಂಗಿಲ್ಲ ಮಾಮಾ, ಆಳಿನ ಖರ್ಚು ಉಳೀತಂತ ತಿಳಕೋ.” ಕಳೆನಾಶಕ ತಡೆಯುವ ಹತ್ತಿಗೆ ನಮ್ಮ ದೇಶದಲ್ಲಿ ಅನುಮತಿಯೇ ಸಿಕ್ಕಿಲ್ಲ. ಹಾಗಾಗಿ ಯಾರಾದರೂ ಆ ಹೆಸರಿನಲ್ಲಿ ಬೀಜ ತಂದರೆ, ಒಳಗಿರುವುದು ನಿಜವಾಗಿ ಅದೇ ಆಗಿದ್ದರೂ ಮಾರಾಟ ಅಕ್ರಮ, ಅಲ್ಲದಿದ್ದರೆ ಮೋಸ.

ಕಾಕಾ ಬಿಲ್ ಕೇಳಿದ್ದಾನೆ. “ಬಿಲ್ ಹಾಕಿದ್ರ ಜಿಎಸ್‌ಟಿ ಬೀಳ್ತೈತಿ, ನಿನಗ ಯಾಕ ಹೊರೆ?” ಅಂದನಂತೆ. ಬಿತ್ತನೆ ಬೀಜಕ್ಕೆ ಜಿಎಸ್‌ಟಿ ಇಲ್ಲವೇ ಇಲ್ಲ! ಈ ಒಂದು ಮಾತು ಗೊತ್ತಿದ್ದರೂ ಸಾಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಪಾಕೀಟು ನಾನೂ ನೋಡಿದೆ. ಮೇಲೆ ಹೊಳೆಯುವ ಕವರು, ಬಿರಿದ ಹತ್ತಿಕಾಯಿಯ ಫೋಟೋ, ಎಲ್ಲೋ ಕೇಳಿದಂಥ ಹೆಸರು. ತಿರುವಿ ನೋಡಿದರೆ ಲಾಟ್ ನಂಬರಿನ (ಯಾವ ತಂಡದ ಬೀಜ ಅನ್ನುವ ಗುರುತಿನ) ಜಾಗ ಖಾಲಿ, ಪರೀಕ್ಷೆ ಮಾಡಿದ ತಾರೀಖಿಲ್ಲ, ಅವಧಿ ಯಾವಾಗ ಮುಗಿಯುತ್ತದೆ ಅನ್ನುವುದೂ ಇಲ್ಲ. ಬೀಜೋಪಚಾರ ಮಾಡಿದಂತೆ, ಅಂದರೆ ರೋಗ-ಹುಳ ತಡೆಯುವ ಔಷಧ ಲೇಪಿಸಿದಂತೆ ಕಾಣಲಿ ಅಂತ ಬೀಜಕ್ಕೆ ಕೆಂಪು ಬಣ್ಣ ಬಳಿದಿದ್ದರು. ಒಣ ಅಂಗೈಗೇ ಅದು ಕುಂಕುಮದಂತೆ ಹತ್ತುತ್ತಿತ್ತು.

ಮಳೆ ಹದವಾಗಿ ಬಂತು, ಊರಿದ್ದಾಯಿತು. ವಾರ ಕಳೆದರೂ ಸಾಲಿಗೆ ಸಾಲೇ ಬೋಳು. ಎದ್ದ ಅಷ್ಟಿಷ್ಟು ಸಸಿಗಳಲ್ಲೂ ಒಂದರ ಎಲೆ ಅಗಲ, ಇನ್ನೊಂದರದು ಸಣ್ಣ. ಯಾವ ತಳಿ ಅಂತ ಹೇಳುವುದು? ಫೋನ್ ಮಾಡಿದರೆ “ಆಳಕ್ಕ ಊರೀರಿ” ಅಂದ, ಆಮೇಲೆ ಫೋನೇ ಎತ್ತಲಿಲ್ಲ.

ಅಷ್ಟರಲ್ಲಿ ಬೇರೆ ಯಾರೋ ದೂರು ಕೊಟ್ಟು, ಅವನು ಬೀಜ ಇಟ್ಟಿದ್ದ ಮನೆಯ ಮೇಲೆ ಇಲಾಖೆಯವರು ಪೊಲೀಸರನ್ನು ಕರೆದುಕೊಂಡು ಬಂದರು. ಚೀಲ ತೂಗಿದರು, ಮಾದರಿ ತೆಗೆದು ಮೂರು ಪಾಲು ಮಾಡಿ ಸೀಲ್ ಹಾಕಿದರು. ಒಂದು ಅವನಿಗೆ, ಒಂದು ಪ್ರಯೋಗಾಲಯಕ್ಕೆ, ಒಂದು ಇಲಾಖೆಯ ಹತ್ತಿರ. ಕಾನೂನಿನ ಕ್ರಮವೇ ಹಾಗೆ. ಕಾಕಾನ ಮುಖ ಅರಳಿತ್ತು, “ಸಿಕ್ಕಬಿದ್ದ ಮಗ, ಇನ್ನ ನಮ್ಮ ರೊಕ್ಕ ಬರ್ತೈತಿ” ಅಂತ. ಅಧಿಕಾರಿ ಕೇಳಿದ್ದು ಒಂದೇ: “ಯಜಮಾನ್ರ, ರಸೀದಿ ಐತೇನು?” ಊರದೆ ಉಳಿದಿದ್ದ ಎರಡು ಪಾಕೀಟು ತೋರಿಸಿದೆವು. ಅವನ್ನೂ ಮಹಜರಿನಲ್ಲಿ ಬರೆದುಕೊಂಡು ತಗೊಂಡು ಹೋದರು. ಮಾರಿದವನು ಜಾಮೀನಿನ ಮೇಲೆ ಹೊರಗೆ ಬಂದ. ಕಾಕಾನ ವಿಷಯ ಎತ್ತಿದರೆ “ಅವರು ಯಾರಂತನ ನನಗ ಗೊತ್ತಿಲ್ಲ” ಅನ್ನುತ್ತಾನೆ.

ಇದು ಇಲಾಖೆಯ ತಪ್ಪು ಅಂತ ಊರಲ್ಲಿ ಬೈದವರಿದ್ದಾರೆ. ನನಗೆ ಹಾಗನಿಸುವುದಿಲ್ಲ. 1983ರ ಬೀಜ ನಿಯಂತ್ರಣ ಆದೇಶದ ಪ್ರಕಾರ ಲೈಸನ್ಸಿಲ್ಲದೆ ಬೀಜ ಮಾರುವಂತಿಲ್ಲ. ಅದನ್ನು ಮೀರಿದವನ ಮೇಲೆ ಅಗತ್ಯ ವಸ್ತುಗಳ ಕಾಯ್ದೆಯಡಿ ಕೇಸು ಬೀಳುತ್ತದೆ. ಅಪರಾಧ ಸಾಬೀತಾದರೆ ಏಳು ವರ್ಷದವರೆಗೂ ಜೈಲಿದೆ. ಆದರೆ ಆ ಕೇಸು ಸರ್ಕಾರಕ್ಕೂ ಅವನಿಗೂ ನಡುವಿನದು, ನಮ್ಮ ನಷ್ಟ ಅದರಲ್ಲಿ ಎಲ್ಲೂ ಬರುವುದಿಲ್ಲ. (1966ರ ಬೀಜ ಕಾಯ್ದೆಯಲ್ಲಿ ಮೊದಲ ಸಲದ ತಪ್ಪಿಗೆ ಬರೆದಿರುವ ದಂಡ ಎಷ್ಟು ಗೊತ್ತೇ? ಹೆಚ್ಚೆಂದರೆ 500 ರೂಪಾಯಿ. ಒಂದು ಪಾಕೀಟು ಬೀಜವೂ ಬರುವುದಿಲ್ಲ.) ಲೈಸನ್ಸ್ ಇರುವ ಅಂಗಡಿಯವನಿಗಾದರೆ ಅದು ರದ್ದಾದೀತು ಅನ್ನುವ ಹೆದರಿಕೆ ಇರುತ್ತದೆ, ಇಲಾಖೆ ಕರೆದರೆ ಓಡಿ ಬರುತ್ತಾನೆ. ಇವನ ಹತ್ತಿರ ರದ್ದು ಮಾಡಲಿಕ್ಕೆ ಏನಿದೆ?

ನಷ್ಟ ಕೇಳುವ ದಾರಿ ಬೇರೆ, ಅದು ಗ್ರಾಹಕರ ಆಯೋಗ. ಬೀಜ ಕೊಂಡ ರೈತ ಗ್ರಾಹಕನೇ ಅಂತ 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಂಡದ್ದೆಲ್ಲ ಬಿತ್ತಿಬಿಡುವ ರೈತನಿಂದ ಪರೀಕ್ಷೆಗೆ ಬೀಜ ಉಳಿಸಿಕೊಂಡಿರಬೇಕೆಂದು ನಿರೀಕ್ಷಿಸುವಂತಿಲ್ಲ ಅಂತಲೂ ಹೇಳಿದೆ. ಜಿಲ್ಲಾ ಆಯೋಗದಲ್ಲಿ, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಆದರೆ ಯಾರಿಂದ ಕೊಂಡೆ ಅನ್ನುವುದಕ್ಕೆ ಸಾಕ್ಷಿ ಬೇಕು. ಕಾಕಾ ನಗದು ಎಣಿಸಿ ಕೊಟ್ಟಿದ್ದ. ಫೋನ್‌ಪೇ ಮಾಡಿದ್ದರೂ ಒಂದು ಗುರುತು ಉಳಿಯುತ್ತಿತ್ತು, ಅದಕ್ಕೇ ಆ ಪುಣ್ಯಾತ್ಮ ಫೋನ್‌ಪೇ ಬೇಡ ಅಂದದ್ದು.

ಅಂಗಡಿಯಲ್ಲಿ ಲೈಸನ್ಸ್ ತೋರಿಸಿ ಅಂತ ಕೇಳಲಿಕ್ಕೆ ನಾಚಿಕೆ ಬೇಡ. ದಾಸ್ತಾನು, ದರದ ಪಟ್ಟಿ ಹಾಕುವುದು, ಬಿಲ್ ಕೊಡುವುದು ಅವರಿಗೆ ಕಡ್ಡಾಯ. ಬಿಲ್ಲಿನಲ್ಲಿ ಲಾಟ್ ನಂಬರ್ ಬರೆಸಿ, ಪಾಕೀಟಿನ ಮೇಲಿನದಕ್ಕೆ ತಾಳೆ ನೋಡಿ. ಹೊತ್ತಿದ್ದರೆ ನೂರು ಬೀಜ ಎಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಡಿ. ಹತ್ತಿಯಾದರೆ ಎಪ್ಪತ್ತೈದಾದರೂ ಮೊಳೆಯಬೇಕು.

ಈಗಾಗಲೇ ಊರಿ, ಹುಟ್ಟದೆ ಕೂತಿರುವವರು ಖಾಲಿ ಪಾಕೀಟು ಎಸೆಯಬೇಡಿ. ಹೊಲ ಹರಗಿ ಬೇರೆ ಬೆಳೆ ಹಾಕುವ ಮೊದಲೇ ರೈತ ಸಂಪರ್ಕ ಕೇಂದ್ರಕ್ಕೆ ಬರಹದಲ್ಲಿ ದೂರು ಕೊಟ್ಟು, ಸ್ವೀಕೃತಿ ಹಾಕಿಸಿಕೊಂಡು, ಹೊಲಕ್ಕೇ ಬಂದು ನೋಡಿ ವರದಿ ಬರೆಯುವಂತೆ ಕೇಳಿ. ಕಾಕಾ ಅವಸರಕ್ಕೆ ಹೊಲ ಹರಗಿ ಗೋವಿನಜೋಳ ಬಿತ್ತಿಬಿಟ್ಟಿದ್ದ. ಅಧಿಕಾರಿಗಳು ಬಂದಾಗ ನೋಡಲಿಕ್ಕೆ ಅಲ್ಲಿ ಹತ್ತಿಯ ಒಂದು ಸಾಲೂ ಇರಲಿಲ್ಲ.