ರೆಕಾರ್ಡರ್ ಜೊತೆ ಸೇರಿಸಿ ಕೊಡುವ ಎಸ್‌ಎಸ್‌ಡಿ ಬಗ್ಗೆ ಹುಷಾರು

ಹಾಸನ, ಚಿಕ್ಕಮಗಳೂರು ಕಡೆ ಮದುವೆ ವಿಡಿಯೊ ಮಾಡುವವರು ದಯವಿಟ್ಟು ಓದಿ. ಕ್ಯಾಮೆರಾ ಮೇಲೆ ಕೂರಿಸುವ ಮಾನಿಟರ್ ಕಮ್ ರೆಕಾರ್ಡರ್ ಒಳ್ಳೆಯ ಸಾಮಾನೇ. ದೊಡ್ಡ ಪರದೆ, ಫೋಕಸ್ ಸರಿಯಾಗಿ ಕಾಣುತ್ತದೆ. ನಮಗೆ ಕೈ ಕೊಟ್ಟಿದ್ದು ಅದರ ಜೊತೆ ‘ಫುಲ್ ಸೆಟ್’ ಅಂತ ಅಂಗಡಿಯವರು ಸೇರಿಸಿದ, ವಿಡಿಯೊ ಬರೆದಿಡುವ ಡಿಸ್ಕ್, ಅಂದರೆ ಎಸ್‌ಎಸ್‌ಡಿ.

ಹಾಸನದ ಒಂದು ಅಂಗಡಿ. ಹೆಸರು ಬೇಡ. 1 ಟಿಬಿ ಡಿಸ್ಕ್, ಡಬ್ಬದ ಮೇಲೆ ಸೆಕೆಂಡಿಗೆ 550 ಎಂಬಿ ವೇಗ ಎಂದು ದಪ್ಪಕ್ಷರದಲ್ಲಿತ್ತು. ನಾವು ತೆಗೆಯುವುದು 4ಕೆ, ಸೆಕೆಂಡಿಗೆ 25 ಫ್ರೇಮ್, ಕಡಿಮೆ ಹಿಂಡಿ ದೊಡ್ಡ ಫೈಲ್ ಬರೆಯುವ ಪ್ರೋರೆಸ್ 422 ಎಚ್‌ಕ್ಯು. ಅದಕ್ಕೆ ಬೇಕಾಗುವುದು ಸೆಕೆಂಡಿಗೆ ಸುಮಾರು 92 ಎಂಬಿ. ಧಾರಾಳವಾಯ್ತು ಅಲ್ವಾ? ಅಂಗಡಿಯಲ್ಲೇ ಐದು ನಿಮಿಷ ರೆಕಾರ್ಡ್ ಮಾಡಿ ತೋರಿಸಿದರು. ಚೆನ್ನಾಗಿಯೇ ಬಂತು.

ಮೊದಲ ಕೆಲಸ ಚಿಕ್ಕಮಗಳೂರಿನ ಒಂದು ಮದುವೆ. ಹಿಂದಿನ ಸಂಜೆಯ ಆರತಕ್ಷತೆ ಒಂದು ಫ್ರೇಮೂ ಬಿಡದೆ ಬಂತು. ಬೆಳಿಗ್ಗೆ ಧಾರೆ ನಡೆಯುವಾಗ, ಅದೇ ಡಿಸ್ಕಿನಲ್ಲಿ, ಫ್ರೇಮ್ ತಪ್ಪುತ್ತಿದೆ ಎಂಬ ಎಚ್ಚರಿಕೆ ಪರದೆಯಲ್ಲಿ ಬಂತು. ಅಷ್ಟರಲ್ಲಿ ಗಟ್ಟಿಮೇಳ ಶುರುವಾಗಿತ್ತು. ಪುರೋಹಿತರಿಗೆ ‘ಸ್ವಲ್ಪ ತಡೀರಿ ಸ್ವಾಮಿ’ ಅನ್ನೋಕಾಗತ್ತಾ? ನಮ್ಮ ಕ್ಯಾಮೆರಾ ಎಚ್‌ಡಿಎಂಐ ಕೇಬಲ್ ಮೂಲಕ 4ಕೆ ಹೊರಗೆ ಕಳಿಸುವಾಗ ಒಳಗಿನ ಕಾರ್ಡಿಗೆ ಬರೆಯುವುದಿಲ್ಲ. ಹಾಗಾಗಿ ಇನ್ನೊಂದು ಪ್ರತಿಯೂ ಇಲ್ಲ. ಈಗ ಆ ವಿಡಿಯೊದಲ್ಲಿ ಅಕ್ಷತೆ ಹಿಡಿದ ಕೈಗಳು ಕಾಣುತ್ತವೆ, ಆಮೇಲೆ ತಲೆ ಮೇಲೆ ಬಿದ್ದ ಅಕ್ಷತೆ ಕಾಣುತ್ತದೆ. ನಡುವಿನದ್ದು ಇಲ್ಲ.

ಅಂಗಡಿಯವರು ಕೇಬಲ್ ಸರಿ ಇಲ್ಲ ಅಂದರು. ಕೇಬಲ್ ಬದಲಿಸಿದರೂ ಅದೇ ಕಥೆ. ಆಮೇಲೆ ಕಂಪ್ಯೂಟರಿನಲ್ಲಿ ಒಂದು ಚಿಕ್ಕ ಫೈಲ್ ಕಾಪಿ ಮಾಡಿ, ‘ನೋಡಿ ಸಾರ್, ಸ್ಪೀಡ್ ಇದೆ’ ಅಂದರು. ಮಸಲತ್ತು ಇರುವುದೇ ಅಲ್ಲಿ. ಅಗ್ಗದ ಎಸ್‌ಎಸ್‌ಡಿಯಲ್ಲಿ ಒಂದು ಭಾಗ ಮಾತ್ರ ತಾತ್ಕಾಲಿಕವಾಗಿ ವೇಗವಾಗಿ ಬರೆಸಿಕೊಳ್ಳುತ್ತದೆ. ಡಬ್ಬದ ಮೇಲಿನ 550 ಆ ಭಾಗದ ವೇಗ. ಅದು ತುಂಬಿದ ಮೇಲೆ ನಿಜವಾದ ವೇಗ ಹೊರಗೆ ಬರುತ್ತದೆ. ಡಿಸ್ಕ್ ತುಂಬುತ್ತಾ ಹೋದಂತೆ ಆ ಭಾಗವೂ ಚಿಕ್ಕದಾಗುತ್ತದೆ. ಖಾಲಿ ಡಿಸ್ಕಿನಲ್ಲಿ ಐದು ನಿಮಿಷ ತೋರಿಸಿದರೆ ಎಂಥ ಡಿಸ್ಕೂ ಪಾಸಾಗುತ್ತದೆ. ಮದುವೆಯಲ್ಲಿ ಮುಖ್ಯವಾದದ್ದು ಬರುವುದು ಅರ್ಧ ತುಂಬಿದ ಮೇಲೆ.

ಆದ್ದರಿಂದ ರೆಕಾರ್ಡರ್ ಕಂಪನಿಯೇ ಒಪ್ಪಿದ ಡಿಸ್ಕುಗಳ ಪಟ್ಟಿ ನೋಡಿ, ಅದೇ ಮಾಡೆಲ್ ಕೇಳಿ. ಬಿಲ್ಲಿನಲ್ಲಿ ಮಾಡೆಲ್ ಸಂಖ್ಯೆ ಬರೆಸಿ. ನಮ್ಮ ಬಿಲ್ಲಿನಲ್ಲಿ ಸುಮ್ನೆ ‘ಎಸ್‌ಎಸ್‌ಡಿ 1 ಟಿಬಿ’ ಅಂತ ಇದೆ, ವಾದಕ್ಕೆ ಏನೂ ಸಿಗುವುದಿಲ್ಲ. ಕೆಲಸಕ್ಕೆ ಒಯ್ಯುವ ಮೊದಲು ರೆಕಾರ್ಡರಿನಲ್ಲೇ ಫಾರ್ಮ್ಯಾಟ್ ಮಾಡಿ, ಡಿಸ್ಕ್ ಪೂರ್ತಿ ತುಂಬುವವರೆಗೆ ಓಡಿಸಿ. ಎಚ್‌ಕ್ಯುನಲ್ಲಿ 1 ಟಿಬಿಗೆ ಸುಮಾರು ಮೂರು ಗಂಟೆ ಹಿಡಿಯುತ್ತದೆ. ಕ್ಯಾಮೆರಾ ಗೋಡೆ ಕಡೆ ತಿರುಗಿಸಿ ಇಡಬೇಡಿ, ಏನೂ ಅಲ್ಲಾಡದ ಬೋಳು ದೃಶ್ಯಕ್ಕೆ ಪ್ರೋರೆಸ್ ಕಡಿಮೆ ಡೇಟಾ ಬರೆಯುತ್ತದೆ. ಬಿ.ಎಂ. ರಸ್ತೆಯ ಬಸ್ಸು, ಲಾರಿ ಕಡೆ ತಿರುಗಿಸಿ. ರೆಕಾರ್ಡರಿಗೆ ಕರೆಂಟಿನಿಂದ ನಡೆಯುವ ಅಡಾಪ್ಟರ್ ಹಾಕಿ. ಬರೆಯುತ್ತಿರುವಾಗ ಬ್ಯಾಟರಿ ಸತ್ತರೆ ಆ ಫೈಲೂ ಕೈತಪ್ಪಬಹುದು.

ಎಚ್‌ಕ್ಯು ಬಿಟ್ಟು ಬರೀ 422ಗೆ ಇಳಿದರೆ ಸೆಕೆಂಡಿಗೆ 61 ಎಂಬಿ ಸಾಕು. ಮದುವೆ ವಿಡಿಯೊದಲ್ಲಿ ಆ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ, ನನ್ನ ಮಟ್ಟಿಗೆ.

ಅಂಗಡಿಯವರು ಇನ್ನೂ ಡಿಸ್ಕ್ ಬದಲಿಸಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ.