ಸೌದೆ ಕೊಟ್ಟಿಗೆಯಿಂದ ಹೊರತಂದ 1993ರ ಆರ್‌ಎಕ್ಸ್ 100: ಮೂರು ವರ್ಷ, 9,400 ಕಿಲೋಮೀಟರ್

ನಮ್ಮ ಚಿಕ್ಕಪ್ಪ 1993ರಲ್ಲಿ ಕೊಂಡಿದ್ದ ಯಮಹಾ ಆರ್‌ಎಕ್ಸ್ 100 ಬೈಕು, ತೀರ್ಥಹಳ್ಳಿ ಸಮೀಪದ ಮನೆಯ ಸೌದೆ ಕೊಟ್ಟಿಗೆಯಲ್ಲಿ ಹನ್ನೊಂದು ಮಳೆಗಾಲಗಳನ್ನು ನಿಂತಲ್ಲೇ ಕಳೆದಿತ್ತು. ಸೀಟಿನ ಸ್ಪಂಜನ್ನೂ ವೈರಿಂಗನ್ನೂ ಇಲಿಗಳು ಕಡಿದಿದ್ದವು, ಟ್ಯಾಂಕಿನ ತಳದಲ್ಲಿ ತುಕ್ಕಿನ ಪುಡಿ ಸೇರಿತ್ತು, ಕಿಕ್ಕರ್ ಒತ್ತಿದರೆ ಅಲುಗಾಡುತ್ತಿರಲಿಲ್ಲ. 2022ರಲ್ಲಿ ಅದನ್ನು ನನಗೆ ಕೊಡುವಾಗ ಚಿಕ್ಕಪ್ಪ ಹೇಳಿದ ಒಂದೇ ಮಾತು, ಇದರ ಯಾವ ಭಾಗವನ್ನೂ ಗುಜರಿಗೆ ಹಾಕಬೇಡ ಎಂಬುದು. ಖರ್ಚು ನಲವತ್ತು ಸಾವಿರ ರೂಪಾಯಿಯನ್ನು ಮೀರಬಾರದೆಂದು ನಾನು ನಿರ್ಧರಿಸಿದ್ದೆ.

ಜಪಾನಿನ ವಿನ್ಯಾಸದ ಈ ಗಾಡಿಯನ್ನು ಎಸ್ಕಾರ್ಟ್ಸ್ ಸಂಸ್ಥೆಯ ಸಹಯೋಗದಲ್ಲಿ 1985ರಿಂದ 1996ರವರೆಗೆ ನಮ್ಮ ದೇಶದಲ್ಲಿ ತಯಾರಿಸಲಾಯಿತು. 98 ಸಿಸಿಯ ಎರಡು ಸ್ಟ್ರೋಕಿನ ಎಂಜಿನ್, 11 ಅಶ್ವಶಕ್ತಿ, ನಾಲ್ಕು ಗೇರು, ಸುಮಾರು ನೂರು ಕಿಲೋ ತೂಕ. ವಾಲ್ವ್‌ಗಳನ್ನು ತೆರೆದು ಮುಚ್ಚುವ ಕ್ಯಾಮ್ ಇಲ್ಲ, ಅದನ್ನು ತಿರುಗಿಸುವ ಚೈನೂ ಇಲ್ಲ. ರಚನೆ ಇಷ್ಟು ಸರಳವಾಗಿರುವುದರಿಂದಲೇ ಕಡಿಮೆ ಹಣದಲ್ಲಿ ಇದನ್ನು ಮತ್ತೆ ಓಡಿಸಲು ಸಾಧ್ಯವಿದೆ.

ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ಡೀಸೆಲ್ ಮತ್ತು 2ಟಿ ಆಯಿಲ್ (ಎರಡು ಸ್ಟ್ರೋಕಿನ ಎಂಜಿನ್ನಿಗೆ ಹಾಕುವ ಎಣ್ಣೆ) ಬೆರೆಸಿ ಸುರಿದು ಐದು ದಿನ ಬಿಟ್ಟ ಮೇಲೆ ಪಿಸ್ಟನ್ ಸಡಿಲವಾಯಿತು. ಸಿಲಿಂಡರ್ ಒಳಗೆ ಗೀರುಗಳಿದ್ದವು. ಅದನ್ನು ಹಿಂದೆ ಒಮ್ಮೆ 0.25 ಮಿಲಿಮೀಟರ್ ಬೋರ್ ಮಾಡಿಸಿದ್ದರಿಂದ, ಅಂದರೆ ಒಳಗನ್ನು ಕೊರೆದು ಅಗಲಿಸಿದ್ದರಿಂದ, ಈ ಸಲ ಮೂಲ ಅಳತೆಗಿಂತ 0.50 ಮಿಲಿಮೀಟರ್ ದೊಡ್ಡದಾದ ಓವರ್‌ಸೈಜ್ ಪಿಸ್ಟನ್ ಹಾಕಿಸಬೇಕಾಯಿತು. ನಾನು ತಪ್ಪಿದ್ದು ಇಲ್ಲಿಯೇ. ಮೇಲಿನ ಭಾಗ ಸರಿಯಾಯಿತಲ್ಲ, ಎಂಜಿನ್ನಿನ ಕೆಳಭಾಗವಾದ ಕ್ರ್ಯಾಂಕ್ ಕೇಸ್ ಬಿಚ್ಚುವ ಅಗತ್ಯವಿಲ್ಲ ಎಂದು ಮೆಕ್ಯಾನಿಕ್ ಹೇಳಿದಾಗ, ಉಳಿದ ಹಣದಲ್ಲಿ ಬಣ್ಣ ಹೊಡೆಸಬಹುದೆಂಬ ಆಸೆಯಿಂದ ಒಪ್ಪಿಕೊಂಡೆ. ಗಾಡಿ ಚೆನ್ನಾಗಿಯೇ ಸ್ಟಾರ್ಟ್ ಆಯಿತು. ಆದರೆ 600 ಕಿಲೋಮೀಟರ್ ಓಡುವಷ್ಟರಲ್ಲಿ, ಎಂಜಿನ್ ಬಿಸಿಯಾದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯುತ್ತಿರಲಿಲ್ಲ. ಪೆಟ್ರೋಲು ಗಾಳಿಗಳನ್ನು ಬೆರೆಸುವ ಕಾರ್ಬ್ಯುರೇಟರನ್ನು ಎಷ್ಟು ಬಾರಿ ಸರಿಮಾಡಿದರೂ ಅದೇ ಕಥೆ.

ಎರಡು ಸ್ಟ್ರೋಕಿನ ಎಂಜಿನ್‌ನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್ ಕೇಸಿಗೆ ಬಂದು ಅಲ್ಲಿಂದ ಮೇಲೇರುತ್ತದೆ. ಕ್ರ್ಯಾಂಕಿನ ಎರಡೂ ತುದಿಗಳ ರಬ್ಬರ್ ಆಯಿಲ್ ಸೀಲುಗಳು ವರ್ಷಗಟ್ಟಲೆ ನಿಂತಲ್ಲೇ ಒಣಗಿ ಗಟ್ಟಿಯಾಗುತ್ತವೆ. ಮ್ಯಾಗ್ನೆಟ್ (ವಿದ್ಯುತ್ ಉತ್ಪಾದಿಸುವ ಭಾಗ) ಬದಿಯ ಸೀಲು ಹೋದರೆ ಹೊರಗಿನ ಗಾಳಿ ಒಳನುಗ್ಗಿ, ಪೆಟ್ರೋಲಿನ ಪಾಲು ಕಡಿಮೆಯಾಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಅತಿಯಾಗಿ ಕಾಯುತ್ತದೆ, ಕೊನೆಗೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕ್ಲಚ್ ಬದಿಯ ಸೀಲು ಹೋದರೆ ಗೇರ್ ಆಯಿಲ್ ಸುಟ್ಟು ದಟ್ಟ ಬಿಳಿ ಹೊಗೆ ಬರುತ್ತದೆ. ನನ್ನ ಗಾಡಿಯಲ್ಲಿ ಹಾಳಾಗಿದ್ದುದು ಮೊದಲನೆಯದು. ಕೆಲವು ನೂರು ರೂಪಾಯಿಯ ಸೀಲಿಗಾಗಿ ಇಡೀ ಎಂಜಿನನ್ನು ಎರಡನೇ ಸಲ ಇಳಿಸಬೇಕಾಯಿತು. ಹತ್ತು ವರ್ಷ ನಿಂತ ಗಾಡಿಯನ್ನು ಕೈಗೆತ್ತಿಕೊಳ್ಳುವವರು ಬಣ್ಣ, ಕ್ರೋಮ್, ಸ್ಟಿಕ್ಕರ್ ಎಲ್ಲವನ್ನೂ ಮುಂದಕ್ಕೆ ಹಾಕಿ, ಮೊದಲು ಕ್ರ್ಯಾಂಕ್ ಕೇಸ್ ಬಿಚ್ಚಿಸಿ ಸೀಲು, ಬೇರಿಂಗು, ಕನೆಕ್ಟಿಂಗ್ ರಾಡುಗಳನ್ನು ನೋಡಿಸಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಬಿಡಿಭಾಗಗಳಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ದಿನ ಅಲೆದೆ. ಸಿಗದ ವಸ್ತುವಿಲ್ಲ, ಆದರೆ ಸಿಗುವುದೆಲ್ಲ ಒಳ್ಳೆಯದಲ್ಲ. ಒಂದು ಅಂಗಡಿಯಲ್ಲಿ ಒರಿಜಿನಲ್ ಎಂದು ಕೊಟ್ಟ ಹೊಸ ಕಾರ್ಬ್ಯುರೇಟರಿನ ಸ್ಲೈಡ್ ಎರಡೇ ತಿಂಗಳಲ್ಲಿ ಸವೆದು ಅಂಟಿಕೊಳ್ಳತೊಡಗಿತು. ಕಡೆಗೆ ಚಿಕ್ಕಪ್ಪನ ಮಾತು ನೆನಪಾಗಿ, ಡಬ್ಬಿಯಲ್ಲಿ ಎತ್ತಿಟ್ಟಿದ್ದ ಹಳೆಯ ಮಿಕುನಿ ಕಾರ್ಬ್ಯುರೇಟರನ್ನೇ ಸ್ವಚ್ಛಗೊಳಿಸಿ, ಜೆಟ್, ಸೂಜಿ, ಗ್ಯಾಸ್ಕೆಟ್‌ಗಳನ್ನು ಮಾತ್ರ ಬದಲಿಸಿ ಜೋಡಿಸಿದೆವು. ಮೂರನೇ ವರ್ಷದಲ್ಲಿಯೂ ಅದು ತಕರಾರಿಲ್ಲದೆ ಕೆಲಸ ಮಾಡುತ್ತಿದೆ. ಸವೆದ ಅಸಲಿ ಲೋಹವನ್ನು ದುರಸ್ತಿ ಮಾಡಿಸುವುದು, ರಬ್ಬರನ್ನು ಮಾತ್ರ ಹೊಸದಾಗಿಯೇ ಕೊಳ್ಳುವುದು ಎಂಬ ಕ್ರಮವನ್ನು ಅಂದಿನಿಂದ ಪಾಲಿಸುತ್ತಿದ್ದೇನೆ.

ಒಟ್ಟು ಖರ್ಚು 46,300 ರೂಪಾಯಿ. ಇದರಲ್ಲಿ ಎಂಜಿನ್ನಿಗೆ 17,800, ಬಣ್ಣ ಮತ್ತು ಕ್ರೋಮಿಗೆ 8,900, ಟೈರು, ಬ್ರೇಕ್ ಶೂ, ಚೈನುಗಳಿಗೆ 8,400, ವೈರಿಂಗ್ ಮತ್ತು ಸಿಡಿಐಗೆ (ಸ್ಪಾರ್ಕ್ ಪ್ಲಗ್ಗಿನ ಕಿಡಿಯನ್ನು ನಿಯಂತ್ರಿಸುವ ಘಟಕ) 5,200. ಉಳಿದ ಆರು ಸಾವಿರದಲ್ಲಿ ಅರ್ಧ ಸಾಗಣೆಗೆ, ಅರ್ಧ ಕಾಗದಪತ್ರ ಮತ್ತು ವಿಮೆಗೆ ಹೋಯಿತು. ಹದಿನೈದು ವರ್ಷ ಮೀರಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಆ ಶುಲ್ಕ 2022ರ ಏಪ್ರಿಲ್‌ನಿಂದ 300ರಿಂದ 1000 ರೂಪಾಯಿಗೆ ಏರಿತ್ತು. ಚಾಸಿ ಸಂಖ್ಯೆಯ ಮೇಲೆ ಬಣ್ಣ ದಪ್ಪವಾಗಿ ಕೂತರೆ ಆರ್‌ಟಿಒ ತಪಾಸಣೆಯಲ್ಲಿ ತೊಂದರೆಯಾದೀತೆಂದು ಆ ಜಾಗಕ್ಕೆ ಟೇಪ್ ಅಂಟಿಸಿಯೇ ಬಣ್ಣ ಹೊಡೆಸಿದೆ.

ಆಯಿಲ್ ಪಂಪಿನ ವಿಷಯದಲ್ಲಿ ಬಹಳ ಯೋಚಿಸಿದೆ. 2ಟಿ ಆಯಿಲನ್ನು ಬೇರೆ ಟ್ಯಾಂಕಿನಿಂದ ತಾನೇ ಎಳೆದು ಎಂಜಿನ್ನಿಗೆ ಕೊಡುವ ಆಟೊಲ್ಯೂಬ್ ವ್ಯವಸ್ಥೆಯನ್ನು ಹಲವರು ಕಿತ್ತುಹಾಕಿ, ಪೆಟ್ರೋಲಿಗೇ ಆಯಿಲ್ ಬೆರೆಸುತ್ತಾರೆ. ನಾನು ಪಂಪನ್ನು ಉಳಿಸಿಕೊಂಡು, ಬಿರುಕುಬಿಟ್ಟಿದ್ದ ಕೊಳವೆಗಳನ್ನು ಬದಲಿಸಿ, ಅವುಗಳಲ್ಲಿದ್ದ ಗಾಳಿಯನ್ನು ಪೂರ್ತಿ ಹೊರಹಾಕಿಸಿದೆ. ಮೊದಲ 500 ಕಿಲೋಮೀಟರ್ ಮಾತ್ರ ಸುರಕ್ಷತೆಗಾಗಿ ಪ್ರತಿ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಆಯಿಲನ್ನು ಬೇರೆಯಾಗಿಯೂ ಬೆರೆಸಿದೆ. ಈಗಿನ ಎಥನಾಲ್ ಬೆರೆತ ಪೆಟ್ರೋಲು ಆ ಕಾಲದ ಗಾಡಿಗಳನ್ನು ಗಮನದಲ್ಲಿಟ್ಟು ಮಾಡಿದ್ದಲ್ಲ. ಅದು ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಗಾಳಿಯ ತೇವವನ್ನು ಹೀರುತ್ತದೆ, ಮಿಶ್ರಣವನ್ನೂ ತುಸು ತೆಳುವಾಗಿಸುತ್ತದೆ. ಹೀಗಾಗಿ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಹರಿಯುವ ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದಾಗಿಸಿದ್ದೇನೆ. ಎರಡು ವಾರಕ್ಕಿಂತ ಹೆಚ್ಚು ದಿನ ಓಡಿಸದಿದ್ದರೆ ಕಾರ್ಬ್ಯುರೇಟರ್ ಖಾಲಿ ಮಾಡಿಡುತ್ತೇನೆ.

ಬಳಕೆಯಲ್ಲಿ ಗಾಡಿ ಹೇಗಿದೆಯೆಂದರೆ, ಆಗುಂಬೆ ಘಾಟಿಯ ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಅದು ಏರುವ ರೀತಿ ನನಗೆ ಇಂದಿಗೂ ಸಂತೋಷ ಕೊಡುತ್ತದೆ. ಲೀಟರಿಗೆ 36ರಿಂದ 40 ಕಿಲೋಮೀಟರ್ ಸಿಗುತ್ತದೆ. ಮುಂದಿನ ಡ್ರಮ್ ಬ್ರೇಕು ಮಾತ್ರ ಈಗಿನ ಹೆದ್ದಾರಿಗೆ ಸಾಲದು. ಮಳೆಯಲ್ಲಿ ನೀರು ಹೊಕ್ಕರೆ ಮೊದಲ ಒಂದೆರಡು ಬಾರಿ ಒತ್ತಿದಾಗ ಹಿಡಿತವೇ ಸಿಗುವುದಿಲ್ಲ, ಇಳಿಜಾರಿನಲ್ಲಿ ಎರಡು ಸ್ಟ್ರೋಕಿನ ಎಂಜಿನ್ ಹಿಡಿದು ನಿಲ್ಲಿಸುವುದೂ ಕಡಿಮೆ. ಘಾಟಿಯನ್ನು ನಾನು ಹಗಲಿನಲ್ಲಿ ಮಾತ್ರ ಇಳಿಯುತ್ತೇನೆ. ಸೈಲೆನ್ಸರ್ ಒಳಗಿನ ಕರಿಯನ್ನು 4,000 ಕಿಲೋಮೀಟರಿಗೊಮ್ಮೆ ತೆಗೆಸಿದ್ದೇನೆ, ಕ್ಲಚ್ ಕೇಬಲ್ ಎರಡು ಬಾರಿ ತುಂಡಾಗಿದೆ. ಸಿಲಿಂಡರನ್ನು ಮುಂದೆ ಬೋರ್ ಮಾಡಿಸಲು 0.75 ಮತ್ತು 1.00 ಎಂಬ ಇನ್ನೆರಡು ಅಳತೆಗಳು ಬಾಕಿಯಿವೆ. ಕಳೆದ ತಿಂಗಳು ಹೆಡ್ ತೆಗೆಸಿ ನೋಡಿದಾಗ ಬೋರಿನಲ್ಲಿ ಒಂದು ಗೀರೂ ಕಾಣಲಿಲ್ಲ.