ಜೀವಂತ ಮೀನು ಸಾಗಿಸಲು ಬ್ಯಾಟರಿ ಏರ್ ಪಂಪ್: 3 ವರ್ಷ ಬಳಸಿದ ಮೇಲೆ

ಶ್ರೀನಿವಾಸಪುರದ ಹತ್ತಿರ ನಮಗೆ ಎರಡು ಕೃಷಿ ಹೊಂಡ ಇವೆ. ಒಂದು ಮನೆ ಪಕ್ಕ, ಇನ್ನೊಂದು 12 ಕಿಲೋಮೀಟರ್ ಆಚೆ ಮಾವಿನ ತೋಟದಲ್ಲಿ. ಬೇಸಿಗೆ ಬಂತು ಅಂದ್ರೆ ಮನೆ ಪಕ್ಕದ ಬೋರ್ ಸೋತುಬಿಡುತ್ತದೆ, ಹೊಂಡ ಇಳಿಯುತ್ತದೆ. ಆಗ ಕಾಟ್ಲಾ, ರೋಹು, ಗೆಂಡೆ ಎಲ್ಲವನ್ನೂ ತೋಟದ ಹೊಂಡಕ್ಕೆ ಸಾಗಿಸಬೇಕು. ಅದಕ್ಕೆಂದೇ 2022ರಲ್ಲಿ ಈ 12 ವೋಲ್ಟ್ ಏರ್ ಪಂಪ್ ತಗೊಂಡೆ. 35 ವ್ಯಾಟ್, ನಾಲ್ಕು ಪೈಪ್ ಸಿಕ್ಕಿಸುವ ಹಿತ್ತಾಳೆ ಮೂತಿ, ಗಾಳಿಯನ್ನು ನೀರಿನಲ್ಲಿ ಸಣ್ಣ ಗುಳ್ಳೆಯಾಗಿ ಬಿಡುವ ನಾಲ್ಕು ಕಲ್ಲು (ಏರ್ ಸ್ಟೋನ್). 2,800 ರೂಪಾಯಿ ಆಯ್ತು.

ಅದರ ಹಿಂದಿನ ವರ್ಷ ಗಾಳಿ ಇಲ್ಲದೆ ಎರಡು ಡ್ರಮ್‌ನಲ್ಲಿ ತುಂಬಿಕೊಂಡು ಹೋಗಿದ್ದೆವು, ಅದೂ ಬೆಳಿಗ್ಗೆ 11 ಗಂಟೆಗೆ. ದಾರಿಯಲ್ಲೇ ಗಾಡಿಯ ಹುಡುಗ ಕೂಗಿದ, "ಅಣ್ಣಾ, ಎಲ್ಲಾ ಮೇಲೆ ಬಂದು ಬಾಯಿ ತೆಗೀತಾ ಅವೆ." ಅರ್ಧ ಮೀನು ಸತ್ತವು. ಅಮ್ಮ ಅವತ್ತು ಊಟ ಮಾಡಲಿಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಮೀನಿಗೆ ಬೇಕಾಗುವುದು ಮಾತ್ರ ಜಾಸ್ತಿ. ಅದು ಗೊತ್ತಾಗಿದ್ದು ಆಮೇಲೆ.

ಈಗ 500 ಲೀಟರ್ ಸಿಂಟೆಕ್ಸ್ ಟ್ಯಾಂಕನ್ನು ಟಾಟಾ ಏಸ್‌ನಲ್ಲಿ ಕಟ್ಟಿ, 400 ಲೀಟರ್ ನೀರು ತುಂಬುತ್ತೇವೆ. ಒಂದು ಸಲಕ್ಕೆ 25ರಿಂದ 30 ಕಿಲೋ ಮೀನು. ಅಂಗಡಿಯವರು 50 ಕಿಲೋ ಹಾಕಬಹುದು ಅಂದಿದ್ದರು, ಅದನ್ನು ನಾನು ಒಪ್ಪಲ್ಲ. ಔಷಧಿ ಹೊಡೆಯುವ ಪಂಪಿನ ಬ್ಯಾಟರಿಯನ್ನೇ ಇದಕ್ಕೂ ಕೊಡುತ್ತೇನೆ. ಹೊಸದರಲ್ಲಿ ಮೂರು ಗಂಟೆ ಹತ್ತಿರ ಬರುತ್ತಿತ್ತು, ಈಗ ಒಂದೂವರೆ ಗಂಟೆ. ನಮ್ಮ ದಾರಿಗೆ ಅಷ್ಟು ಸಾಕು.

ಮೊದಲ ವರ್ಷವೇ ಒಂದು ಪೆಟ್ಟು ತಿಂದೆ. ಪಂಪನ್ನು ಗಾಡಿಯ ತಳದಲ್ಲಿ ಇಟ್ಟಿದ್ದೆ. ಬ್ಯಾಟರಿ ಬದಲಿಸಲು ಎರಡು ನಿಮಿಷ ಆಫ್ ಮಾಡಿದ್ದೇ ತಡ, ಟ್ಯಾಂಕಿನ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ ಹೋಯಿತು. ನೀರು ಹೋದರೆ ಗ್ಯಾರಂಟಿ ಇಲ್ಲ ಅಂದರು. ರಿಪೇರಿಗೆ 600 ರೂಪಾಯಿ. ಪಂಪ್ ಯಾವಾಗಲೂ ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲವೇ ಪೈಪಿಗೆ ನೀರು ಹಿಂದೆ ಬಿಡದ ಸಣ್ಣ ವಾಲ್ವ್ ಹಾಕಬೇಕು. ಡಬ್ಬಿಯಲ್ಲಿದ್ದ ಚೀಟಿಯಲ್ಲಿ ಈ ಒಂದು ಮಾತು ಕನ್ನಡದಲ್ಲಿ ಬರೆದಿದ್ದರೆ ಎಷ್ಟು ಜನಕ್ಕೆ ಉಪಕಾರ ಆಗುತ್ತಿತ್ತು! ಇನ್ನೊಂದು, ಪಂಪ್ ಚೆನ್ನಾಗಿ ಬಿಸಿಯಾಗುತ್ತದೆ. ಧೂಳು ಅಂತ ಗೋಣಿಚೀಲ ಸುತ್ತಬೇಡಿ.

ನಮ್ಮ ಕಡೆ ನೀರು ಗಡಸು ಅಲ್ವಾ, ಏರ್ ಸ್ಟೋನ್ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಆಗ ಸಣ್ಣ ಗುಳ್ಳೆ ಏಳುವುದಿಲ್ಲ, ಒಂದೇ ಕಡೆ ಬುಳುಬುಳು ಅಂತ ದೊಡ್ಡ ಗುಳ್ಳೆ ಬರುತ್ತದೆ. ರಾತ್ರಿ ನಿಂಬೆರಸದಲ್ಲಿ ನೆನೆಹಾಕಿ, ಬೆಳಿಗ್ಗೆ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿದರೆ ಸರಿಹೋಗುತ್ತದೆ. ಎರಡು ಕಲ್ಲು ಮಾತ್ರ ಬದಲಿಸಬೇಕಾಯಿತು.

ಪಂಪ್ ಇದೆ ಅಂತ ಉಳಿದ ಕೆಲಸ ಬಿಟ್ಟರೆ ಮೀನು ಉಳಿಯಲ್ಲ. ಹಿಂದಿನ ದಿನ ಮೇವು ಹಾಕುವುದಿಲ್ಲ. ಹೊಟ್ಟೆ ತುಂಬಿದ ಮೀನು ಟ್ಯಾಂಕಿನಲ್ಲೇ ಹೊಲಸು ಮಾಡಿ, ಆ ನೀರಿನಲ್ಲೇ ಒದ್ದಾಡುತ್ತದೆ. ಸಂಜೆಯೇ ಹಿಡಿದು, ಹೊಂಡದೊಳಗೆ ಕಟ್ಟಿದ ಹಾಪಾದಲ್ಲಿ, ಅಂದ್ರೆ ಬಲೆಯ ಚೀಲದಲ್ಲಿ, ರಾತ್ರಿ ಬಿಡುತ್ತೇವೆ. ಗಂಟಿನ ಬಲೆ ಬೇಡ, ಗಂಟು ಉಜ್ಜಿ ಮೀನಿನ ಮೈಮೇಲಿನ ಪೊರೆ ಕಿತ್ತ ಜಾಗಕ್ಕೆ ಆಮೇಲೆ ಹತ್ತಿಯಂಥ ಬೂಷ್ಟು ಹತ್ತುತ್ತದೆ. ಟ್ಯಾಂಕಿಗೆ ಆ ಹೊಂಡದ್ದೇ ನೀರು. ಬೋರ್‌ನಿಂದ ಆಗಷ್ಟೇ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. 100 ಲೀಟರ್‌ಗೆ 300 ಗ್ರಾಂ ಕಲ್ಲುಪ್ಪು ಹಾಕಿದರೆ ಮೀನಿನ ಆಯಾಸ ಕಡಿಮೆಯಾಗುತ್ತದೆ. ಬೆಳಿಗ್ಗೆ 5 ಗಂಟೆಗೆ ಗಾಡಿ ಹೊರಡಲೇಬೇಕು.

ತೋಟ ತಲುಪಿದ ತಕ್ಷಣ ಸುಮ್ನೆ ಸುರಿಯಬಾರದು. ಹೊಸ ಹೊಂಡದ ನೀರನ್ನು ಬಕೆಟ್‌ನಲ್ಲಿ ಸ್ವಲ್ಪ ಸ್ವಲ್ಪವೇ ಟ್ಯಾಂಕಿಗೆ ಬೆರೆಸುತ್ತಾ 20 ನಿಮಿಷ ಕಾಯುತ್ತೇವೆ. ಅಷ್ಟೂ ಹೊತ್ತು ಪಂಪ್ ಓಡುತ್ತಲೇ ಇರುತ್ತದೆ. ಈ ಸಲ ಮಾರ್ಚ್‌ನಲ್ಲಿ ನಾಲ್ಕು ಟ್ರಿಪ್ ಹೊಡೆದೆವು, ಸತ್ತಿದ್ದು ಮೂರೇ ಮೀನು. ಬಿಟ್ಟ ಕೂಡಲೇ ಕಾಟ್ಲಾಗಳು ಒಂದು ಕ್ಷಣ ದಡದಲ್ಲೇ ನಿಂತು, ಬಾಲ ಬೀಸಿ ಆಳಕ್ಕೆ ಇಳಿದವು. ಅಮ್ಮನೂ ಬಂದಿದ್ದರು, ಕೊನೆಯ ಮೀನು ಇಳಿಯುವವರೆಗೂ ದಡ ಬಿಟ್ಟು ಕದಲಲಿಲ್ಲ.

ಒಂದು ಗಂಟೆ ಒಳಗಿನ ದಾರಿಗೆ ಈ ಪಂಪ್ ಧೈರ್ಯವಾಗಿ ತಗೊಳ್ಳಿ. ಅದಕ್ಕಿಂತ ದೂರ ಇದ್ದರೆ ಆಕ್ಸಿಜನ್ ಸಿಲಿಂಡರ್ ಇರುವ ಗಾಡಿಯೇ ಬೇಕು. ದಾರಿ ಮಧ್ಯೆ ಪಂಪ್ ನಿಂತರೆ ಬೇರೆ ದಾರಿಯೇ ಇರಲ್ಲ, ಅದಕ್ಕೇ ಮುಂದಿನ ಬೇಸಿಗೆಗೆ ಮುಂಚೆ ಇನ್ನೊಂದು ಇಂಥದ್ದೇ ತಂದು ಗಾಡಿಯಲ್ಲಿ ಇಟ್ಟುಕೊಳ್ಳುತ್ತೇನೆ.